ಗಣಕಯಂತ್ರದಲ್ಲಿ ಕಳ್ಳನ ಹೆಜ್ಜೆ

ಮನೆಗೆ ಕಳ್ಳ ನುಗ್ಗಿದನೆಂದರೆ ಮುರಿದ ಬೀಗವನ್ನೂ ಕೆದರಿದ ಪೆಟ್ಟಿಗೆಯನ್ನೂ ಕಣ್ಣಾರೆ ಕಾಣಬಹುದು. ಗಣಕಯಂತ್ರಕ್ಕೆ ನುಗ್ಗಿದವನ ಗುರುತು ಹಾಗೆ ಕಾಣುವುದಿಲ್ಲ. ಯಾರು ಬಂದರು, ಏನು ಮಾಡಿದರು ಎಂಬ ದಿನಚರಿಯನ್ನು ಯಂತ್ರವೇ ಬರೆದಿಡುವುದೇನೋ ನಿಜ. ಆದರೆ ಯಂತ್ರದ ಸರ್ವಾಧಿಕಾರವು ಕಳ್ಳನ ಕೈಸೇರಿದ ಮೇಲೆ ಆ ದಿನಚರಿಯನ್ನು ತಿದ್ದುವ ಅಧಿಕಾರವೂ ಅವನದೇ. ಸಾಕ್ಷಿಯೇ ಕಳ್ಳನ ಪಕ್ಷವನ್ನು ಸೇರಿರುವಾಗ ವಿಚಾರಣೆ ನಡೆಸುವುದು ಹೇಗೆ? ಈ ಪ್ರಶ್ನೆಗೆ 1986ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ದೊರೆತ ಉತ್ತರವು ಸ್ವಾರಸ್ಯವಾಗಿದೆ.

ಬರ್ಕ್‌ಲಿಯ ಲಾರೆನ್ಸ್ ಪ್ರಯೋಗಶಾಲೆಯಲ್ಲಿ ಗಣಕಯಂತ್ರವನ್ನು ಬಳಸುವವರು ಬಳಸಿದಷ್ಟಕ್ಕೆ ಶುಲ್ಕ ತೆರಬೇಕಾಗಿದ್ದಿತು. ಆ ವರ್ಷದ ಆಗಸ್ಟಿನಲ್ಲಿ ಲೆಕ್ಕದಲ್ಲಿ 75 ಸೆಂಟುಗಳ ವ್ಯತ್ಯಾಸ ಕಂಡಿತು. ಇಂತಹ ಅಲ್ಪ ಮೊತ್ತವನ್ನು ಯಾರಾದರೂ ಅಲಕ್ಷಿಸಿಬಿಡಬಹುದು. ಕ್ಲಿಫರ್ಡ್ ಸ್ಟಾಲ್ ಎಂಬ ಖಗೋಳವಿಜ್ಞಾನಿ ಅಲಕ್ಷಿಸಲಿಲ್ಲ. ಶುಲ್ಕ ತೆರುವವರ ವಿಳಾಸವೇ ಇಲ್ಲದ ಹೊಸ ಖಾತೆಯೊಂದನ್ನು ಯಾರೋ ಸೇರಿಸಿದ್ದುದು ಹೊರಬಿದ್ದಿತು. ಕಳ್ಳನು ಒಂದು ದಾಖಲೆಯನ್ನು ತಿದ್ದಿದ್ದನು. ಬೇರೆಯಾಗಿ ನಡೆಯುತ್ತಿದ್ದ ಇನ್ನೊಂದು ದಾಖಲೆಯಿರುವುದನ್ನು ಅರಿಯನು.

ಅವನು ಸರ್ವಾಧಿಕಾರವನ್ನು ಪಡೆದ ಬಗೆಯನ್ನು ತಿಳಿಯಲು ಕೋಗಿಲೆಯನ್ನು ನೆನೆದರೆ ಸಾಕು. ಯಂತ್ರವು ಐದು ನಿಮಿಷಕ್ಕೊಮ್ಮೆ ತಾನಾಗಿಯೇ ನಡೆಸುವ ಆಜ್ಞೆಗಳ ಸರಣಿಯೊಂದಿದ್ದಿತು. ಅದನ್ನು ತೆಗೆದು ಆ ಜಾಗದಲ್ಲಿ ಅವನು ತನ್ನದನ್ನು ಇಟ್ಟನು. ಕಾಗೆಯಂತೆ ಯಂತ್ರವು ಭೇದವರಿಯದೆ ಅದಕ್ಕೆ ಕಾವು ಕೊಟ್ಟಿತು. ಕೆಲಸ ಮುಗಿದೊಡನೆ ಮೊದಲಿನದು ಸ್ವಸ್ಥಾನಕ್ಕೆ ಮರಳಿತು. ಗೂಡನ್ನು ಆಮೇಲೆ ಶೋಧಿಸಿದವರಿಗೆ ಏನು ಸಿಕ್ಕೀತು?

ಆದುದರಿಂದ ಸ್ಟಾಲ್ ಯಂತ್ರವನ್ನು ಕೇಳುವುದನ್ನೇ ಬಿಟ್ಟರು. ಹೊರಗಿನಿಂದ ಬರುವ ಸುಮಾರು 50 ತಂತಿಗಳಿಗೆ ಮುದ್ರಣಯಂತ್ರ ಮೊದಲಾದ ಸಲಕರಣೆಗಳನ್ನು ಜೋಡಿಸಿದರು. ಕಳ್ಳನು ಒತ್ತಿದ ಒಂದೊಂದು ಅಕ್ಷರವೂ ಕಾಗದಕ್ಕಿಳಿಯಿತು; ಮಸಿಯನ್ನು ತಂತಿಯ ಮೂಲಕ ಅಳಿಸಲಾಗದಷ್ಟೆ. ಅವನು ಪತ್ರಗಳನ್ನು ಓದುತ್ತಿದ್ದುದರಿಂದ ಈ ವಿಷಯವನ್ನು ಯಂತ್ರದೊಳಗಿನ ಅಂಚೆಯಲ್ಲಿ ಬರೆಯದಂತೆ ಎಚ್ಚರ ವಹಿಸಲಾಯಿತು. ಇಂದಿನ ತನಿಖೆಗಾರರೂ ಇದೇ ನ್ಯಾಯವನ್ನು ಅನುಸರಿಸುತ್ತಾರೆ. ದಿನಚರಿಯ ಪ್ರತಿಯು ಒಡನೆಯೇ ಬೇರೊಂದು ಯಂತ್ರಕ್ಕೆ ಹೋಗುವಂತೆ ಏರ್ಪಡಿಸುತ್ತಾರೆ. ವಿದ್ಯುತ್ತು ನಿಂತರೆ ಮಾಯವಾಗುವ ಸ್ಮೃತಿಯನ್ನು ಮೊದಲು ನಕಲು ಮಾಡಿ, ಅನಂತರ ಡಿಸ್ಕಿನ ಪಡಿಯಚ್ಚನ್ನು ತೆಗೆದು ಅದನ್ನು ಮಾತ್ರ ಪರೀಕ್ಷಿಸುತ್ತಾರೆ. ಕಡತವನ್ನು ತೆರೆದು ನೋಡಿದ ಮಾತ್ರಕ್ಕೇ ಅದರ ಮೇಲಿನ ಕಾಲದ ಗುರುತು ಬದಲಾಗಬಹುದು. ಅಳೆಯುವ ಕ್ರಿಯೆಯೇ ಅಳತೆಯನ್ನು ಕೆಡಿಸುವ ಈ ಸಂಕಟವು ಭೌತವಿಜ್ಞಾನದ ನಮಗೆ ಹೊಸದಲ್ಲ!

ಕಳ್ಳನನ್ನು ಕೂಡಲೇ ಹೊರದೂಡಬಾರದಾಗಿತ್ತೆ ಎಂದು ವಾಚಕರು ಕೇಳಬಹುದು. ದೂಡಿದ್ದರೆ ಅವನು ಕಾಣದ ಬೇರೆ ಬಾಗಿಲಿನಿಂದ ಬರುತ್ತಿದ್ದನು. ಗುಟ್ಟಿನ ಕಡತಕ್ಕೆ ಕೈಯಿಟ್ಟಾಗ ಮಾತ್ರ ಸ್ಟಾಲ್ ತಮ್ಮ ಬೀಗದಕೈ ಗೊಂಚಲನ್ನು ತಂತಿಯ ತುದಿಗಳಿಗೆ ತಾಕಿಸುತ್ತಿದ್ದರು; ತಂತಿಯಲ್ಲಿ ಏನೋ ಗೊಂದಲವೆಂದು ಅವನು ಬಗೆಯುತ್ತಿದ್ದನು.

ಕಾಗದದ ರಾಶಿಯು ಮಾತನಾಡತೊಡಗಿತು. ಅವನ ಆಜ್ಞೆಗಳಲ್ಲಿ ಬರ್ಕ್‌ಲಿಯ ಯೂನಿಕ್ಸ್‌ಗೆ ಬೇಡದ, ಎ.ಟಿ. ಅಂಡ್ ಟಿ. ಕಂಪನಿಯ ಯೂನಿಕ್ಸ್‌ಗೆ ಸಲ್ಲುವ ಅಕ್ಷರವೊಂದು ಸೇರಿರುತ್ತಿದ್ದಿತು. ಧಾರವಾಡದವರನ್ನು ಮೈಸೂರಿನಲ್ಲಿ ಮಾತಿನಿಂದಲೇ ಗುರುತಿಸುವುದಿಲ್ಲವೆ? ಇವನು ಆ ಊರಿನವನಲ್ಲವೆಂದಾಯಿತು. ಕಳುಹಿಸಿದ ಮಾಹಿತಿಗೆ ಅವನ ಯಂತ್ರದ ಪ್ರತ್ಯುತ್ತರ ಬರಲು ಕೆಲವು ಸೆಕೆಂಡುಗಳೇ ಹಿಡಿಯುತ್ತಿದ್ದವು. ಸೆಕೆಂಡಿಗೆ 3 ಲಕ್ಷ ಕಿಲೋಮೀಟರಿನಂತೆ ಬೆಳಕಿನ ವೇಗದಿಂದ ಲೆಕ್ಕ ಹಾಕಿದರೆ ಅವನು ಭೂಮಿಯ ಮೇಲೆಯೇ ಇರಲಾರನು! ವಿಳಂಬವು ನಡುವಣ ನಿಲ್ದಾಣಗಳದು. ದೂರ ಗೊತ್ತಿದ್ದ ಊರುಗಳ ವಿಳಂಬದೊಡನೆ ಹೋಲಿಸಲು, ಅವನಿದ್ದುದು ಸಾವಿರಾರು ಮೈಲಿಗಳಾಚೆ ಎಂದು ತೋರಿತು.

ಕರೆಯ ಜಾಡು ಜರ್ಮನಿಯ ಹ್ಯಾನೋವರನ್ನು ಮುಟ್ಟಿ ಅಲ್ಲಿ ನಿಂತಿತು. ಅಲ್ಲಿನ ದೂರವಾಣಿ ಕೇಂದ್ರ ಹಳೆಯ ಕಾಲದ್ದು. ತಂತಿಯನ್ನು ಕೈಯಿಂದಲೇ ಹುಡುಕಬೇಕು, ಅಷ್ಟು ಹೊತ್ತು ಕಳ್ಳನು ಕುಳಿತಿರಬೇಕು. 1987ರ ಜನವರಿಯಲ್ಲಿ ಕ್ಷಿಪಣಿರಕ್ಷಣೆಯ ಯೋಜನೆಗೆ ಸಂಬಂಧಿಸಿದಂತೆ ತೋರುವ ಉದ್ದುದ್ದದ ಸುಳ್ಳು ಕಡತಗಳನ್ನು ಸೃಷ್ಟಿಸಿ ಇಡಲಾಯಿತು. ಅವುಗಳನ್ನು ಅವನು ಆಸೆಯಿಂದ ಓದುತ್ತಿರುವಷ್ಟರಲ್ಲಿ ಮನೆ ಗೊತ್ತಾಯಿತು. ಮಾರ್ಕುಸ್ ಹೆಸ್ ಎಂಬ ಆತನಿಗೂ ಅವನ ಜೊತೆಗಾರರಿಗೂ, ಮಾಹಿತಿಯನ್ನು ಸೋವಿಯತ್ ಗೂಢಚಾರ ಸಂಸ್ಥೆಯಾದ ಕೆ.ಜಿ.ಬಿ.ಗೆ ಮಾರಿದ ಅಪರಾಧಕ್ಕಾಗಿ 1990ರಲ್ಲಿ ಜರ್ಮನಿಯ ನ್ಯಾಯಾಲಯವು ಶಿಕ್ಷೆ ವಿಧಿಸಿತು.