ಬಾಡಿಗೆಯ ಮನೆ, ನಮ್ಮದೇ ಬೀದಿ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬ ಗಾದೆಯನ್ನು ಮಾಡಿದ ಹಿರಿಯರು ಬಾಡಿಗೆಯ ಮನೆಯ ವಿಷಯವಾಗಿ ಏನನ್ನೂ ಹೇಳದೆ ಹೋದರು. ಈಗಲಾದರೋ, ಉದ್ಯೋಗಕ್ಕಾಗಿ ಅಥವಾ ಮಕ್ಕಳ ವಿದ್ಯಾಭ್ಯಾಸಕ್ಕಾಗಿ ಊರನ್ನು ಬಿಟ್ಟು ಬೆಂಗಳೂರಿಗೆ ಬರುವ ಸಂಸಾರಗಳಿಗೆ ಮೊಟ್ಟಮೊದಲು ಎದುರಾಗುವ ಕಷ್ಟವೇ ಅದು. ಎಲ್ಲಿ ಇರತಕ್ಕದ್ದು, ಎಷ್ಟು ಕೊಡತಕ್ಕದ್ದು, ಯಾರನ್ನು ನಂಬತಕ್ಕದ್ದು ಎಂಬ ಮೂರು ಪ್ರಶ್ನೆಗಳಿಗೆ ಸಮಾಧಾನ ದೊರೆಯದ ಹೊರತು ಗೃಹಿಣಿಗೆ ನಿದ್ರೆಯಿಲ್ಲ, ಯಜಮಾನನಿಗೆ ನೆಮ್ಮದಿಯಿಲ್ಲ. ನಾವು ಇಲ್ಲಿ ಮುಖ್ಯವಾಗಿ ಹೇಳಬೇಕೆಂದಿರುವುದು ಒಂದೇ ಮಾತು. ಮನೆಯನ್ನು ಬಾಡಿಗೆಗೆ ಹಿಡಿಯಬಹುದು. ಬೀದಿಯನ್ನು ಬಾಡಿಗೆಗೆ ಹಿಡಿಯುವುದಕ್ಕಾಗುವುದಿಲ್ಲ. ಅದನ್ನು ನೋಡಿ ಆರಿಸಿಕೊಳ್ಳಬೇಕು, ಬಳಿಕ ಬಾಳಿ ನಮ್ಮದಾಗಿ ಮಾಡಿಕೊಳ್ಳಬೇಕು.

ಬೆಂಗಳೂರಿನ ಬಡಾವಣೆಗಳ ಹುಟ್ಟನ್ನು ನೆನೆದರೆ ಈ ಮಾತಿನ ಅರ್ಥ ಇನ್ನಷ್ಟು ಸ್ಪಷ್ಟವಾಗುವುದು. 1898ರಲ್ಲಿ ಪ್ಲೇಗು ಈ ಊರಿಗೆ ಬಂದಾಗ ಇಕ್ಕಟ್ಟಾದ ಪೇಟೆಯ ಮನೆಗಳಲ್ಲಿ ಜನರು ಬಹುಸಂಖ್ಯೆಯಲ್ಲಿ ತೀರಿಕೊಂಡರು. ಗಾಳಿಬೆಳಕುಗಳಿಲ್ಲದ ವಾಸ ಎಷ್ಟು ಅಪಾಯಕರವೆಂಬುದು ಆಗ ಎಲ್ಲರಿಗೂ ಮನದಟ್ಟಾಯಿತು. ದಕ್ಷಿಣದಲ್ಲಿ ಬಸವನಗುಡಿಯೂ ಉತ್ತರದಲ್ಲಿ ಮಲ್ಲೇಶ್ವರವೂ ಬೆಳೆದುದು ಆ ಕಾಲದಲ್ಲಿಯೇ. ಅಗಲವಾದ ನೇರ ರಸ್ತೆಗಳು, ಮನೆಗಳ ಹಿಂದೆ ಕಸ ಸಾಗಿಸುವವರಿಗಾಗಿ ಬಿಟ್ಟ ಗಲ್ಲಿಗಳು, ಸಾಲುಮರಗಳು, ಸಂತೆಗೆ ಒಂದು ಸ್ಥಳ, ದೇವಸ್ಥಾನ, ಉದ್ಯಾನ ಇವು ಆ ಬಡಾವಣೆಗಳ ಲಕ್ಷಣಗಳು. ಇಂದಿಗೂ ಗಾಂಧಿಬಜಾರಿನಲ್ಲಿ ಹೂವು ಹಣ್ಣುಗಳನ್ನು ಕೊಂಡು ಕೃಷ್ಣರಾವ್ ಉದ್ಯಾನದ ಕಡೆ ನಡೆಯುವವರೂ, ಮಲ್ಲೇಶ್ವರದ ಸಂಪಿಗೆ ರಸ್ತೆಯಲ್ಲಿ ಎಂಟನೆಯ ಅಡ್ಡರಸ್ತೆಯವರೆಗೆ ಚೀಲ ಹಿಡಿದು ಹೋಗಿಬರುವವರೂ ಆ ಏರ್ಪಾಡಿನ ಫಲವನ್ನು ಅನುಭವಿಸುತ್ತಿದ್ದಾರೆ. 1945ರಲ್ಲಿ ಸ್ಥಾಪಿತವಾದ ನಗರಾಭಿವೃದ್ಧಿ ಟ್ರಸ್ಟ್ ಬೋರ್ಡಿನ ಕಾಲದಲ್ಲಿ, 1948ರಲ್ಲಿ, ಜಯನಗರಕ್ಕೆ ಅಸ್ತಿಭಾರ ಬಿತ್ತು. 1976ರಲ್ಲಿ ಆ ಬೋರ್ಡಿನ ಸ್ಥಾನಕ್ಕೆ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರವು ಬಂದಿತು. ಒಂದು ಕಾಲಕ್ಕೆ ಊರಾಚೆಯೆಂದು ಎನಿಸಿಕೊಂಡ ಈ ಸ್ಥಳಗಳೆಲ್ಲ ಈಗ ಊರಿನ ನಡುವೆ ಸೇರಿಹೋಗಿವೆ.

ಈ ಬಡಾವಣೆಗಳನ್ನು ಬೆಳೆಸಿದವರು ಸ್ವಂತ ಮನೆಯವರು ಮಾತ್ರವೆಂದು ತಿಳಿಯಬಾರದು. ವಠಾರವೆಂಬುದನ್ನು ನಮ್ಮ ವಾಚಕರಲ್ಲಿ ಹಿರಿಯರಾದವರು ಬಲ್ಲರು. ಮುಂದೆ ಯಜಮಾನರ ಮನೆ, ಹಿಂದೆ ಒಂದು ಅಂಗಳ, ಅಂಗಳದ ಸುತ್ತ ಚಿಕ್ಕ ಚಿಕ್ಕ ಬಾಡಿಗೆಯ ಮನೆಗಳು, ಎಲ್ಲಕ್ಕೂ ಒಂದೇ ನಲ್ಲಿ. ಗುಮಾಸ್ತರು, ಉಪಾಧ್ಯಾಯರು, ಚಿಕ್ಕ ಅಂಗಡಿಯವರು ಅಲ್ಲಿಯೇ ಸಂಸಾರ ಮಾಡಿದರು. ನಲ್ಲಿಯ ಮುಂದೆ ಕೊಡಗಳ ಜಗಳವೂ ಉಂಟು. ಒಬ್ಬರ ಮನೆಯಲ್ಲಿ ಜ್ವರ ಬಂದರೆ ಇನ್ನೊಬ್ಬರ ಮನೆಯಿಂದ ಗಂಜಿ ಹೋಗುವ ವಾಡಿಕೆಯೂ ಉಂಟು. ಹೆಚ್ಚಿನ ವಠಾರಗಳು ಈಗ ಮಾಯವಾಗಿ ಅವುಗಳ ಜಾಗದಲ್ಲಿ ಮಹಡಿಗಳ ಮೇಲೆ ಮಹಡಿಗಳು ಎದ್ದಿವೆ. ಹಳೆಯ ಬಡಾವಣೆಗಳ ಬಾಡಿಗೆಯನ್ನು ತಾಳಲಾರದವರು ದೂರ ದೂರಕ್ಕೆ ಸರಿಯುತ್ತಿದ್ದಾರೆ. ಮೆಟ್ರೋ ರೈಲು ಕೆಂಗೇರಿಗೆ 2021ರಲ್ಲಿಯೂ ವೈಟ್‌ಫೀಲ್ಡಿಗೆ 2023ರಲ್ಲಿಯೂ ತಲುಪಿದ ಮೇಲೆ ಆ ಕಡೆಯ ಬಡಾವಣೆಗಳಲ್ಲಿ ಮನೆ ಹುಡುಕುವ ಸಂಸಾರಗಳಿಗೆ ಹೋಗಿಬರುವ ದಾರಿ ಸುಲಭವಾಗಿದೆ. ಆದರೆ ದಾರಿ ಸುಲಭವಾದ ಮಾತ್ರಕ್ಕೆ ಬೀದಿ ಒಳ್ಳೆಯದೆಂದು ಹೇಳಲಾಗದು.

ಹಾಗಾದರೆ ಒಳ್ಳೆಯ ಬೀದಿಯನ್ನು ಅಳೆಯುವುದು ಹೇಗೆ? ಮನೆಯ ಅತಿ ಹಿರಿಯರ ಕಾಲುಗಳಿಂದಲೂ ಅತಿ ಕಿರಿಯರ ಕಾಲುಗಳಿಂದಲೂ ಅಳೆಯಬೇಕೆಂದು ನಾವು ಹೇಳುತ್ತೇವೆ. ಅಜ್ಜಿಯು ಯಾರ ಕೈಯನ್ನೂ ಹಿಡಿಯದೆ ಹಾಲಿನ ಅಂಗಡಿಗೂ ದೇವಸ್ಥಾನಕ್ಕೂ ಔಷಧದ ಅಂಗಡಿಗೂ ಹೋಗಿ ಬರಬಲ್ಲಳೆ? ಎಂಟು ವರ್ಷದ ಹುಡುಗಿಯು ದೊಡ್ಡ ರಸ್ತೆಯನ್ನು ದಾಟದೆ ಆಟದ ಮೈದಾನಕ್ಕೆ ಹೋಗಬಲ್ಲಳೆ? ಕಾಲುದಾರಿಯ ಮೇಲೆ ವಾಹನಗಳು ನಿಂತಿವೆಯೇ, ಇಲ್ಲವೇ? ರಾತ್ರಿ ದೀಪಗಳು ಉರಿಯುತ್ತವೆಯೇ? ಮನೆಯೊಳಗಿನ ಅಮೃತಶಿಲೆಯ ನೆಲವನ್ನು ನೋಡಿ ಮರುಳಾಗುವವರು ಈ ಪ್ರಶ್ನೆಗಳನ್ನು ಕೇಳುವುದೇ ಇಲ್ಲ. ಮನೆಯನ್ನು ಒಂದು ಸಲ ನೋಡಿದರೆ ಸಾಲದು. ಬೆಳಗ್ಗೆ ಶಾಲೆಯ ವೇಳೆಯಲ್ಲಿ ಒಮ್ಮೆ, ಸಂಜೆ ದೀಪ ಹಚ್ಚುವ ವೇಳೆಯಲ್ಲಿ ಒಮ್ಮೆ, ರಾತ್ರಿ ಹತ್ತು ಗಂಟೆಯ ಮೇಲೆ ಒಮ್ಮೆ ಆ ಬೀದಿಯಲ್ಲಿ ನಡೆದು ನೋಡಬೇಕು. ಸಾಧ್ಯವಾದರೆ ಮಳೆ ಬಂದ ದಿನವೂ ನೋಡಬೇಕು. 2022ರ ಮಳೆಗಾಲದಲ್ಲಿ ಬೆಳ್ಳಂದೂರು, ಮಹದೇವಪುರಗಳ ಕಡೆ ಬಹಳ ಬೆಲೆಯ ಮನೆಗಳಿಗೂ ನೀರು ನುಗ್ಗಿ, ಜನರು ದೋಣಿಗಳಲ್ಲಿಯೂ ಟ್ರ್ಯಾಕ್ಟರುಗಳಲ್ಲಿಯೂ ಹೊರಬರಬೇಕಾಯಿತು. ಕೆರೆಯ ಅಂಗಳದಲ್ಲಿಯೋ ರಾಜಕಾಲುವೆಯ ಅಂಚಿನಲ್ಲಿಯೋ ನಿಂತ ಮನೆಯ ಬಾಡಿಗೆ ಎಷ್ಟು ಕಡಿಮೆಯಾದರೂ ಅದು ಅಗ್ಗವಲ್ಲ.

ಇನ್ನು ನೀರು. ಬೆಂಗಳೂರಿಗೆ ನದಿಯಿಲ್ಲ. ಕಾವೇರಿಯ ನೀರನ್ನು ಸುಮಾರು ನೂರು ಕಿಲೋಮೀಟರುಗಳಷ್ಟು ದೂರದಿಂದ ಮೇಲಕ್ಕೆತ್ತಿ ತರಬೇಕಾಗಿದೆ. ಆ ನೀರು ಮೊದಲು ಬಂದುದು 1974ರಲ್ಲಿ. ಐದನೆಯ ಹಂತದ ಯೋಜನೆಯು ಆರಂಭವಾದುದು 2024ರ ಅಕ್ಟೋಬರಿನಲ್ಲಿ. ಅದೇ ವರ್ಷದ ಬೇಸಗೆಯಲ್ಲಿ ಕೊಳವೆ ಬಾವಿಗಳು ಬತ್ತಿ, ಊರಂಚಿನ ಅನೇಕ ಬಡಾವಣೆಗಳು ಟ್ಯಾಂಕರಿನ ನೀರಿಗಾಗಿ ಕಾದು ಕುಳಿತುದನ್ನು ಯಾರೂ ಮರೆತಿರಲಾರರು. ಆದಕಾರಣ ಮನೆಯನ್ನು ಒಪ್ಪುವ ಮುನ್ನ ಕೇಳಬೇಕಾದ ಮಾತುಗಳಿವೆ. ಕಾವೇರಿಯ ನೀರು ಉಂಟೋ, ಬೋರಿನ ನೀರು ಮಾತ್ರವೋ? ನಲ್ಲಿಯಲ್ಲಿ ನೀರು ಬರುವುದು ವಾರಕ್ಕೆ ಎಷ್ಟು ದಿನ? ಸಂಪು ಎಷ್ಟು ದೊಡ್ಡದು? ಮೀಟರು ನಮಗೇ ಬೇರೆಯಾಗಿದೆಯೋ, ಎಲ್ಲರಿಗೂ ಒಂದೆಯೋ? ಟ್ಯಾಂಕರು ತರಿಸಿದರೆ ಹಣ ಕೊಡುವವರು ಯಾರು? ಈ ಮಾತುಗಳನ್ನು ಮನೆಯ ಯಜಮಾನರನ್ನು ಕೇಳಿದರೆ ಒಂದು ಉತ್ತರ ಬಂದೀತು. ಪಕ್ಕದ ಮನೆಯ ಗೃಹಿಣಿಯನ್ನು ಕೇಳಿದರೆ ನಿಜವಾದ ಉತ್ತರ ಬರುವುದು. ಏಪ್ರಿಲ್ ತಿಂಗಳಿನಲ್ಲಿ ಏನಾಯಿತೆಂಬುದು ಆಕೆಗೆ ನೆನಪಿರುತ್ತದೆ.

ಹಣದ ವಿಚಾರದಲ್ಲಿ ಈ ಊರಿನ ಪದ್ಧತಿಯು ಕಠಿಣವಾದುದು. ಹತ್ತು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಕೇಳುವ ರೂಢಿ ಇಲ್ಲಿ ಬಹಳ ಕಾಲದಿಂದ ನಡೆದುಬಂದಿದೆ; ಈಚೆಗೆ ಐದಾರು ತಿಂಗಳಿಗೆ ಒಪ್ಪುವವರೂ ಇದ್ದಾರೆ. ತಿಂಗಳಿಗೆ 25,000 ರೂಪಾಯಿ ಬಾಡಿಗೆಯ ಮನೆಯನ್ನು ಉದಾಹರಣೆಗಾಗಿ ತೆಗೆದುಕೊಳ್ಳೋಣ. ಹತ್ತು ತಿಂಗಳ ಮುಂಗಡವೆಂದರೆ 2,50,000 ರೂಪಾಯಿ. ಅದು ಬ್ಯಾಂಕಿನಲ್ಲಿದ್ದು ನೂರಕ್ಕೆ ಆರರಂತೆ ಬಡ್ಡಿ ಬಂದಿದ್ದರೆ ವರ್ಷಕ್ಕೆ 15,000, ಅಂದರೆ ತಿಂಗಳಿಗೆ 1,250 ರೂಪಾಯಿ. ಆದುದರಿಂದ ಆ ಮನೆಯ ನಿಜವಾದ ಬಾಡಿಗೆ 26,250 ರೂಪಾಯಿ. ವರ್ಷಕ್ಕೆ ನೂರಕ್ಕೆ ಐದರಂತೆ ಏರಿಸುವ ಕರಾರಿದ್ದರೆ ಮೂರು ಏರಿಕೆಗಳ ಬಳಿಕ 25,000 ರೂಪಾಯಿಯು ಸುಮಾರು 28,940 ಆಗುವುದು. ಹಿಡಿಯುವ ದಿನವೇ ಈ ಲೆಕ್ಕವನ್ನು ಹಾಕಿದವರು ಮುಂದೆ ಮಗಳ ಶಾಲೆಯ ಶುಲ್ಕಕ್ಕಾಗಿ ಸಾಲ ಮಾಡಬೇಕಾಗುವುದಿಲ್ಲ. ಇನ್ನೊಂದು ಸಂಗತಿ: ಶಾಲೆಗಳು ತೆರೆಯುವ ಮುನ್ನ, ಏಪ್ರಿಲ್ ಮೇ ತಿಂಗಳುಗಳಲ್ಲಿ, ಮನೆಗಳಿಗೆ ಬೇಡಿಕೆ ಹೆಚ್ಚು. ಆಷಾಢದಲ್ಲಿಯೂ ಪುಷ್ಯದಲ್ಲಿಯೂ ಹಾಲುಕ್ಕಿಸಲು ಅನೇಕರು ಒಪ್ಪದಿರುವುದರಿಂದ ಆಗ ಮನೆಗಳು ಬರಿದಾಗಿ ನಿಂತಿರುತ್ತವೆ. ಅಂಥ ತಿಂಗಳಿನಲ್ಲಿ ಮಾತಾಡಿ ಕರಾರು ಮಾಡಿಕೊಂಡು, ಒಳ್ಳೆಯ ದಿನ ನೋಡಿ ಒಕ್ಕಲು ಹೋದರೆ ಶಾಸ್ತ್ರಕ್ಕೂ ಭಂಗವಿಲ್ಲ, ಚೀಲಕ್ಕೂ ಹಗುರವಿಲ್ಲ.

ಕರಾರಿನ ಮಾತು ಬಂದಿತಾಗಿ ಕಾನೂನನ್ನು ಸ್ವಲ್ಪ ತಿಳಿದಿರುವುದು ಒಳ್ಳೆಯದು. ಕರಾರುಗಳನ್ನೆಲ್ಲ ಹನ್ನೊಂದು ತಿಂಗಳಿಗೆ ಬರೆಯುವುದೇಕೆಂದು ಅನೇಕರು ಕೇಳುತ್ತಾರೆ. ಒಂದು ವರ್ಷಕ್ಕೆ ಮೀರಿದ ಗುತ್ತಿಗೆಯನ್ನು ನೋಂದಾಯಿಸಲೇಬೇಕೆಂದು 1908ರ ನೋಂದಣಿ ಕಾಯಿದೆಯು ವಿಧಿಸುವುದೇ ಇದಕ್ಕೆ ಕಾರಣ. ಬೇರೆ ಕರಾರು ಇಲ್ಲದಿದ್ದರೆ, ತಿಂಗಳ ಬಾಡಿಗೆಯ ಮನೆಯನ್ನು ಹದಿನೈದು ದಿನಗಳ ನೋಟೀಸಿನಿಂದ ಬಿಡಿಸಬಹುದೆಂದು 1882ರ ಸ್ವತ್ತು ವರ್ಗಾವಣೆ ಕಾಯಿದೆಯು ಹೇಳುತ್ತದೆ. ಶಾಲೆಗೆ ಹೋಗುವ ಮಕ್ಕಳಿರುವ ಮನೆಗೆ ಹದಿನೈದು ದಿನಗಳು ಯಾವ ಮೂಲೆಗೆ? ಕರ್ನಾಟಕದ 1999ರ ಬಾಡಿಗೆ ಕಾಯಿದೆಯ ರಕ್ಷಣೆಯು ಬೆಂಗಳೂರಿನಲ್ಲಿ ತಿಂಗಳಿಗೆ 3,500 ರೂಪಾಯಿ ಮೀರಿದ ಬಾಡಿಗೆಯ ಮನೆಗಳಿಗೆ ದೊರೆಯುವುದಿಲ್ಲ. ಕೇಂದ್ರ ಸರ್ಕಾರವು 2021ರಲ್ಲಿ ಹೊರತಂದ ಮಾದರಿ ಬಾಡಿಗೆ ಕಾಯಿದೆಯು ವಾಸದ ಮನೆಯ ಮುಂಗಡವು ಎರಡು ತಿಂಗಳ ಬಾಡಿಗೆಯನ್ನು ಮೀರಕೂಡದೆಂದು ಹೇಳುವುದಾದರೂ, ಅದು ಮಾದರಿ ಮಾತ್ರ. ರಾಜ್ಯವು ಕಾನೂನು ಮಾಡಿದಲ್ಲದೆ ಜಾರಿಗೆ ಬರುವುದಿಲ್ಲ. ಆದಕಾರಣ ಬಾಡಿಗೆದಾರರ ಮುಖ್ಯ ರಕ್ಷಣೆಯೆಂದರೆ ಅವರ ಕೈಯಲ್ಲಿರುವ ಕರಾರುಪತ್ರವೇ.

ಅದರಲ್ಲಿ ಏನೇನು ಇರಬೇಕು? ಬಿಡುವುದಕ್ಕೂ ಬಿಡಿಸುವುದಕ್ಕೂ ಎರಡು ಮೂರು ತಿಂಗಳ ಮುನ್ಸೂಚನೆ. ಬಾಡಿಗೆಯ ಏರಿಕೆ ಎಷ್ಟೆಂಬುದು. ಮುಂಗಡವನ್ನು ಮನೆ ಬಿಟ್ಟ ಎಷ್ಟು ದಿನಗಳೊಳಗಾಗಿ ಹಿಂದಿರುಗಿಸತಕ್ಕದ್ದೆಂಬುದು. ಸುಣ್ಣ ಬಣ್ಣಕ್ಕಾಗಿ ಎಷ್ಟು ಹಿಡಿದುಕೊಳ್ಳಬಹುದೆಂಬುದು. ಬಣ್ಣದ ಹೆಸರಿನಲ್ಲಿ ಒಂದು ತಿಂಗಳ ಬಾಡಿಗೆಯನ್ನು ಕಳೆದುಕೊಳ್ಳುವ ಪದ್ಧತಿಯಿದೆ. ಹನ್ನೊಂದೇ ತಿಂಗಳು ಇದ್ದವರಿಗೂ ಹತ್ತು ವರ್ಷ ಇದ್ದವರಿಗೂ ಒಂದೇ ಅಳತೆ ಹಾಕುವುದು ನ್ಯಾಯವಲ್ಲ. ಒಕ್ಕಲು ಬರುವ ದಿನವೇ ಗೋಡೆ, ನಲ್ಲಿ, ಬಚ್ಚಲು, ಬಾಗಿಲುಗಳ ಚಿತ್ರಗಳನ್ನು ಫೋನಿನಲ್ಲಿ ಹಿಡಿದು ಯಜಮಾನರಿಗೂ ಕಳುಹಿಸತಕ್ಕದ್ದು. ಮುಂಗಡವನ್ನು ಕೈಯಲ್ಲಿ ಎಣಿಸಿಕೊಡದೆ ಬ್ಯಾಂಕಿನ ಮೂಲಕ ಕೊಡತಕ್ಕದ್ದು. 2023ರಲ್ಲಿ ಆರಂಭವಾದ ಗೃಹಜ್ಯೋತಿ ಯೋಜನೆಯಲ್ಲಿ ಬಾಡಿಗೆದಾರರಿಗೂ ಅವಕಾಶ ದೊರೆತಾಗ, ವಾಸಕ್ಕೆ ಸಾಕ್ಷಿಯಾಗಿ ಕೇಳಿದ ಕಾಗದಗಳಲ್ಲಿ ಕರಾರುಪತ್ರವೂ ಒಂದು. ಇಷ್ಟೆಲ್ಲ ಬರೆದಿಡುವುದರಿಂದ ಸ್ನೇಹ ಕೆಡುವುದೆಂದು ಕೆಲವರು ಸಂಕೋಚಪಡುವುದುಂಟು. ಸ್ನೇಹವನ್ನು ಕೆಡಿಸುವುದು ಬರವಣಿಗೆಯಲ್ಲ, ಮರೆವು.

ಮನೆಯ ಯಜಮಾನರಿಗೂ ಎರಡು ಮಾತು ಹೇಳುವುದು ನಮ್ಮ ಕರ್ತವ್ಯ. ಅವರಲ್ಲಿ ಅನೇಕರು ಧನಿಕರಲ್ಲ. ನಿವೃತ್ತರಾದ ದಂಪತಿಗಳು ಮೇಲಿನ ಮಹಡಿಯ ಬಾಡಿಗೆಯಿಂದಲೇ ಜೀವನ ಸಾಗಿಸುವುದುಂಟು. ಬಾಡಿಗೆ ಬಾರದೆ, ಮನೆಯೂ ತೆರವಾಗದೆ ಅವರು ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾದರೆ ಅದು ದುಃಖದ ಸಂಗತಿ. ಆದರೆ ಎಚ್ಚರಿಕೆ ಬೇರೆ, ತಿರಸ್ಕಾರ ಬೇರೆ. ‘ನೀವು ಯಾವ ಜನ?’ ಎಂದು ಕೇಳಿ, ಉತ್ತರ ಹಿಡಿಸದಿದ್ದರೆ ‘ಮನೆ ಆಗಲೇ ಹೋಯಿತು’ ಎಂದು ಬಾಗಿಲು ಹಾಕುವ ಪದ್ಧತಿ ನಮ್ಮ ಒಳ್ಳೆಯ ಬಡಾವಣೆಗಳಲ್ಲಿ ಇನ್ನೂ ಸತ್ತಿಲ್ಲ. ಜಾತಿಯನ್ನು ನೋಡಿ, ಮತವನ್ನು ನೋಡಿ, ಊಟವನ್ನು ನೋಡಿ, ಗಂಡನಿಲ್ಲದೆ ಮಕ್ಕಳನ್ನು ಸಾಕುವ ತಾಯಿಯೆಂಬುದನ್ನು ನೋಡಿ ಮನೆಯನ್ನು ಇಲ್ಲವೆನ್ನುವವರು ತಮ್ಮ ಬೀದಿಯನ್ನು ಸಂಸಾರಸ್ಥರ ಬೀದಿಯೆಂದು ಹೇಗೆ ಕರೆದುಕೊಂಡಾರು? ತಾಯಿಯ ಬೆನ್ನ ಹಿಂದೆ ನಿಂತು ಆ ಸುಳ್ಳನ್ನು ಕೇಳಿದ ಮಗುವು ಅದನ್ನು ಬಹುಕಾಲ ಮರೆಯದು. ಬಾಡಿಗೆಯನ್ನು ಕೊಡುವ ಶಕ್ತಿ, ಮನೆಯನ್ನು ಚೊಕ್ಕಟವಾಗಿಡುವ ನಡತೆ ಇವೆರಡನ್ನು ವಿಚಾರಿಸಿದರೆ ಸಾಕು.

ಒಕ್ಕಲು ಬಂದ ಮೇಲೆ ಬಾಡಿಗೆದಾರರ ಪಾಲಿನ ಕೆಲಸವು ಮೊದಲಾಗುತ್ತದೆ. ‘ನಾವೇನು ಇಲ್ಲಿ ಶಾಶ್ವತವೇ?’ ಎಂಬ ಮಾತು ಮನೆಯೊಳಗೆ ಬಂದರೆ ಬೀದಿ ಎಂದಿಗೂ ನಮ್ಮದಾಗದು. ಹಸಿಕಸ ಒಣಕಸಗಳನ್ನು ಬೇರೆಮಾಡಿ ಕೊಡುವುದು, ಬಾಗಿಲ ಮುಂದಿನ ಹೊಂಗೆಯ ಸಸಿಗೆ ಒಂದು ಚೆಂಬು ನೀರು ಹಾಕುವುದು, ಪೌರಕಾರ್ಮಿಕರ ಹೆಸರನ್ನು ತಿಳಿದು ಮಾತಾಡಿಸುವುದು, ಇವುಗಳಿಗೆ ಸ್ವಂತ ಮನೆಯೇ ಇರಬೇಕೆಂದಿಲ್ಲ. ಸಂಕ್ರಾಂತಿಯಂದು ಮಗಳ ಕೈಯಲ್ಲಿ ಎಳ್ಳಿನ ತಟ್ಟೆ ಕೊಟ್ಟು ಕಳುಹಿಸಿ, ಅವಳು ಎಷ್ಟು ಬಾಗಿಲುಗಳನ್ನು ತಟ್ಟಿ ಬಂದಳೆಂದು ಎಣಿಸಿ ನೋಡಿರಿ. ಮೊದಲನೆಯ ವರ್ಷ ಎರಡು, ಮೂರನೆಯ ವರ್ಷ ಹನ್ನೆರಡು ಆಯಿತೆಂದರೆ ಆ ಸಂಸಾರವು ಬೇರುಬಿಟ್ಟಿತೆಂದು ತಿಳಿಯಬಹುದು. ನವರಾತ್ರಿಯಲ್ಲಿ ಬೊಂಬೆ ನೋಡಲು ಬರುವ ಮಕ್ಕಳು ಇದು ಸ್ವಂತದ ಮನೆಯೋ ಬಾಡಿಗೆಯ ಮನೆಯೋ ಎಂದು ಕೇಳುವುದಿಲ್ಲ. ಚರಪು ಏನೆಂದು ಮಾತ್ರ ಕೇಳುತ್ತಾರೆ.

ಬಡಾವಣೆಯ ನಿವಾಸಿಗಳ ಸಂಘಗಳು ಸ್ವಂತ ಮನೆಯವರನ್ನು ಮಾತ್ರ ಕರೆದು, ಬಾಡಿಗೆಯವರನ್ನು ಬಿಡುವುದುಂಟು. ಇದು ಸರಿಯಲ್ಲ. 1950ರ ಜನತಾ ಪ್ರಾತಿನಿಧ್ಯ ಕಾಯಿದೆಯು ಈ ವಿಷಯದಲ್ಲಿ ನಮಗಿಂತ ವಿವೇಕವುಳ್ಳದ್ದಾಗಿದೆ. ಒಂದು ಕ್ಷೇತ್ರದಲ್ಲಿ ಮನೆಯ ಒಡೆತನವಿದೆಯೆಂಬ ಮಾತ್ರಕ್ಕೆ ಒಬ್ಬನನ್ನು ಅಲ್ಲಿಯ ನಿವಾಸಿಯೆಂದು ಎಣಿಸಲಾಗದೆಂದು ಅದು ಹೇಳುತ್ತದೆ. ಎಲ್ಲಿ ಸಾಮಾನ್ಯವಾಗಿ ವಾಸಮಾಡುವನೋ ಅಲ್ಲಿಯೇ ಅವನ ಮತ. ಮನೆ ಬದಲಾಯಿಸಿದವರು ನಮೂನೆ 8ನ್ನು ತುಂಬಿಕೊಟ್ಟು ಮತದಾರರ ಪಟ್ಟಿಯಲ್ಲಿ ಹೊಸ ವಿಳಾಸವನ್ನು ಬರೆಸಿಕೊಳ್ಳಬಹುದು, ಬರೆಸಿಕೊಳ್ಳಲೂ ಬೇಕು. ದೀಪವಿಲ್ಲದ ಕಂಬದ ವಿಷಯದಲ್ಲಿಯೂ ಒಡೆದ ಚರಂಡಿಯ ವಿಷಯದಲ್ಲಿಯೂ ಕೇಳುವ ಅಧಿಕಾರವು ಆಗ ಇಬ್ಬರಿಗೂ ಒಂದೇ. ಮನೆಯು ಹಕ್ಕುಪತ್ರವಿರುವವರದು, ಬೀದಿಯು ಅಲ್ಲಿ ಬಾಳುವವರದು.