ಸಾಧನ ಚಾಲಕ ತಂತ್ರಾಂಶಗಳಲ್ಲಿ ಮೆಮೊರಿ ಅವಧಿಯ ದೋಷಗಳು ಮತ್ತು ಅವುಗಳ ನಿವಾರಣೆ: ಸಾರ್ವಜನಿಕರಿಗೆ ಮಾಹಿತಿ

ಸೇವೆಗಳಿಗಾಗಿ ಅರ್ಜಿ ಸಲ್ಲಿಸುವ ಸಂದರ್ಭದಲ್ಲಿ ಅರ್ಜಿದಾರರ ಭಾವಚಿತ್ರ, ಬೆರಳಚ್ಚು ಹಾಗೂ ದಾಖಲೆಗಳನ್ನು ವೆಬ್ ಕ್ಯಾಮೆರಾ, ಬೆರಳಚ್ಚು ಸಾಧನ, ಸ್ಕ್ಯಾನರ್ ಮುಂತಾದವುಗಳ ಮೂಲಕ ಗಣಕೀಕರಿಸಲಾಗುತ್ತದೆ. ಬಳಕೆಯಲ್ಲಿರುವಾಗಲೇ ಇಂತಹ ಸಾಧನದ ತಂತಿಯನ್ನು ಕಳಚಿದಲ್ಲಿ ಕೆಲವೊಮ್ಮೆ ಇಡೀ ಗಣಕಯಂತ್ರವು ಸ್ಥಗಿತಗೊಂಡು, ಉಳಿಸದೇ ಇರುವ ವಿವರಗಳು ನಷ್ಟವಾಗುತ್ತವೆ. ಇದಕ್ಕೆ ಇರಬಹುದಾದ ಒಂದು ಕಾರಣವನ್ನು ಇಲ್ಲಿ ವಿವರಿಸಲಾಗಿದೆ.

ದೋಷದ ಸ್ವರೂಪ

ಪ್ರತಿಯೊಂದು ಸಾಧನವನ್ನು ಕಾರ್ಯಾಚರಣ ವ್ಯವಸ್ಥೆಗೆ ಜೋಡಿಸುವ ತಂತ್ರಾಂಶವೇ ಡಿವೈಸ್ ಡ್ರೈವರ್. ಸಾಧನವು ಜೋಡಣೆಯಾದಾಗ ಡ್ರೈವರ್ ಅಗತ್ಯ ಮೆಮೊರಿಯನ್ನು ಪಡೆದು, ಕಳಚಿದಾಗ ಹಿಂದಿರುಗಿಸುತ್ತದೆ. ಆದರೆ ಆ ವೇಳೆಗೆ ಯಾವುದೋ ಅನ್ವಯಿಕ ತಂತ್ರಾಂಶವು ಸದರಿ ಸಾಧನವನ್ನು ಇನ್ನೂ ತೆರೆದಿಟ್ಟುಕೊಂಡಿರಬಹುದು. ಒಂದು ಶಾಖೆಯಲ್ಲಿ ಪರಿಶೀಲನೆಯಲ್ಲಿರುವ ಕಡತವನ್ನು ದಾಖಲೆ ಕೊಠಡಿಯವರು ವಿಲೇವಾರಿ ಮಾಡಿ, ಅದೇ ಸಂಖ್ಯೆಯನ್ನು ಬೇರೆ ಕಡತಕ್ಕೆ ನೀಡಿದಂತೆ ಇದು. ಹಳೆಯ ಸಂಖ್ಯೆಯನ್ನು ನಂಬಿ ಬರೆದ ಟಿಪ್ಪಣಿಯು ಅನ್ಯರ ಕಡತವನ್ನು ಸೇರುತ್ತದೆ.

ಬಹುತೇಕ ಡ್ರೈವರ್‌ಗಳು ವ್ಯವಸ್ಥೆಯ ತಿರುಳಾದ ಕರ್ನಲ್‌ನ ಒಳಗೇ ಕಾರ್ಯನಿರ್ವಹಿಸುವುದರಿಂದ ಹಾನಿಯು ಆ ಸಾಧನಕ್ಕೆ ಸೀಮಿತವಾಗಿರುವುದಿಲ್ಲ. ದುರುದ್ದೇಶವುಳ್ಳವರು ಈ ದೋಷದ ಮೂಲಕ ಗಣಕಯಂತ್ರದ ನಿಯಂತ್ರಣವನ್ನೇ ಪಡೆಯುವ ಸಾಧ್ಯತೆಯೂ ಇರುತ್ತದೆ.

ಲಿನಕ್ಸ್ ಉದಾಹರಣೆ

2007ರಲ್ಲಿ ಲಿನಕ್ಸ್ ಕರ್ನಲ್‌ನ 2.6.21 ಆವೃತ್ತಿಯಲ್ಲಿ, ಡ್ರೈವರ್ ಪಡೆದ ಮೆಮೊರಿಯು ಸಾಧನದಿಂದ ಡ್ರೈವರ್ ಬೇರ್ಪಟ್ಟೊಡನೆ ತಾನಾಗಿಯೇ ಬಿಡುಗಡೆಯಾಗುವ ಸೌಲಭ್ಯವನ್ನು ಕಲ್ಪಿಸಲಾಯಿತು. ಮರೆವಿನಿಂದಾಗುವ ಮೆಮೊರಿ ಸೋರಿಕೆಯನ್ನು ಇದು ತಪ್ಪಿಸುತ್ತದೆ. ಆದರೆ ಸಾಧನದ ಕಡತವನ್ನು ತೆರೆದಿಟ್ಟುಕೊಂಡ ಬಳಕೆದಾರರಿರುವಾಗ, ಅವರು ಅವಲಂಬಿಸಿರುವ ಮಾಹಿತಿಗೆ ಈ ಸೌಲಭ್ಯವು ತಕ್ಕುದಲ್ಲ. ಅಂತಹ ಮೆಮೊರಿಯ ಅವಧಿಯು ಸಾಧನವನ್ನು ಕಳಚಿದಾಗ ಅಲ್ಲ, ಕೊನೆಯ ಬಳಕೆದಾರರು ಅದನ್ನು ಬಿಟ್ಟಾಗ ಮುಗಿಯತಕ್ಕದ್ದು.

ನಿವಾರಣಾ ಕ್ರಮಗಳು

1. ಸಾಧನವು ಕಳಚಿದೊಡನೆ ಹೊಸ ಕೋರಿಕೆಗಳನ್ನು ಸ್ವೀಕರಿಸದಂತೆ ತಡೆಯುವುದು.

2. ಬಾಕಿ ಇರುವ ಟೈಮರ್ ಹಾಗೂ ಸರದಿಯಲ್ಲಿರುವ ಕೆಲಸಗಳನ್ನು ರದ್ದುಪಡಿಸಿ, ಈಗಾಗಲೇ ಆರಂಭವಾದವು ಮುಗಿಯುವವರೆಗೆ ಕಾಯುವುದು.

3. ಬಳಕೆದಾರರ ಎಣಿಕೆಯನ್ನು ಇಟ್ಟು, ಅದು ಸೊನ್ನೆಯಾದ ನಂತರವೇ ಮೆಮೊರಿಯನ್ನು ಬಿಡುಗಡೆ ಮಾಡುವುದು. ವಿಳಾಸದ ಒಂದು ಪ್ರತಿಯನ್ನು ಅಳಿಸಿದರೆ ಸಾಲದು. ಇತರ ಪ್ರತಿಗಳು ಬೇರೆಡೆ ಉಳಿದಿರುತ್ತವೆ.

4. ಬಳಕೆಯ ನಡುವೆಯೇ ಸಾಧನವನ್ನು ಪದೇ ಪದೇ ಕಳಚಿ ಪರೀಕ್ಷಿಸುವುದು. 2015ರಲ್ಲಿ ಲಿನಕ್ಸ್ 4.0 ಆವೃತ್ತಿಗೆ ಸೇರಿದ ಕಾಸಾನ್ ಎಂಬ ಸಾಧನವು, ಬಿಡುಗಡೆಯಾದ ಮೆಮೊರಿಯನ್ನು ಮುಟ್ಟಿದ ಸ್ಥಳವನ್ನು ವರದಿ ಮಾಡುತ್ತದೆ.

2022ರ ಡಿಸೆಂಬರ್‌ನಲ್ಲಿ ಬಿಡುಗಡೆಯಾದ ಲಿನಕ್ಸ್ 6.1 ಆವೃತ್ತಿಯಿಂದ ರಸ್ಟ್ ಭಾಷೆಗೂ ಅವಕಾಶವಿದೆ. ಈ ಭಾಷೆಯಲ್ಲಿ ಇಂತಹ ಅನೇಕ ದೋಷಗಳು ಕ್ರಮವಿಧಿಯನ್ನು ಸಿದ್ಧಪಡಿಸುವ ಹಂತದಲ್ಲಿಯೇ ಪತ್ತೆಯಾಗುತ್ತವೆ. ಆದಾಗ್ಯೂ ಬಹುಪಾಲು ಡ್ರೈವರ್‌ಗಳು ಸಿ ಭಾಷೆಯಲ್ಲಿಯೇ ಇರುವುದರಿಂದ ಮೇಲ್ಕಂಡ ಕ್ರಮಗಳು ಅವಶ್ಯಕವಾಗಿರುತ್ತವೆ.

ಸಾರ್ವಜನಿಕರ ಗಮನಕ್ಕೆ

ಸ್ವಂತ ಗಣಕಯಂತ್ರದಿಂದ ಅರ್ಜಿ ಸಲ್ಲಿಸುವವರು ಸಾಧನವನ್ನು ಕಳಚುವ ಮುನ್ನ ವಿವರಗಳನ್ನು ಉಳಿಸಿ, ಸಂಬಂಧಿಸಿದ ತಂತ್ರಾಂಶವನ್ನು ಮುಚ್ಚುವುದು. ದೋಷ ಸರಿಪಡಿಸಿದ ಡ್ರೈವರ್‌ಗಳು ಪರಿಷ್ಕರಣೆಗಳ ಮೂಲಕವೇ ದೊರೆಯುವುದರಿಂದ, ಕಾರ್ಯಾಚರಣ ವ್ಯವಸ್ಥೆಯ ಪರಿಷ್ಕರಣೆಗಳನ್ನು ಕಾಲಕಾಲಕ್ಕೆ ತಪ್ಪದೇ ಅಳವಡಿಸಿಕೊಳ್ಳುವುದು.