ಯಡಿಯೂರಿನ ಹುಲ್ಲುಹಾಸಿಗೆ ತುಂತುರು ನೀರು ಬಂದ ದಾರಿ

ಬೆಂಗಳೂರಿನ ಯಡಿಯೂರು ಕೆರೆಯ ಆಸುಪಾಸಿನ ಹಳೆಯ ಮನೆಗಳಲ್ಲಿ ಗೇಟಿಗೂ ಬಾಗಿಲಿಗೂ ನಡುವೆ ಎರಡು ಚದರ ಹುಲ್ಲು, ಕಾಂಪೌಂಡಿನುದ್ದಕ್ಕೂ ದಾಸವಾಳ, ಮೂಲೆಯಲ್ಲೊಂದು ತೆಂಗು ಇರುವುದುಂಟು. ಇವಕ್ಕೆ ಪೈಪು ಹಿಡಿದು ಬಿಡುವ ನೀರು ಕಾವೇರಿಯದಾದರೆ, ಅದು ಸುಮಾರು ನೂರು ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ ಐನೂರು ಮೀಟರಿನಷ್ಟು ಎತ್ತರಕ್ಕೆ ಪಂಪಾಗಿ ಬಂದದ್ದು. 1974ರಲ್ಲಿ ಮೊದಲ ಹಂತದ ನೀರು ಬೆಂಗಳೂರು ಮುಟ್ಟಿದ ಮೇಲೆ ಈ ದೂರ ನಮಗೆ ಮರೆತೇಹೋಗಿತ್ತು. 2024ರ ಮಾರ್ಚಿನಲ್ಲಿ ಕುಡಿಯುವ ನೀರನ್ನು ಕೈತೋಟಕ್ಕೆ ಬಿಟ್ಟರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಆದೇಶ ಹೊರಡಿಸಿದಾಗ ಮತ್ತೆ ನೆನಪಾಯಿತು. ಹಾಗಾಗಿ ಇಲ್ಲಿ ಸ್ಪ್ರಿಂಕ್ಲರಿನ ಯೋಚನೆ ಹುಲ್ಲಿನಿಂದಲ್ಲ, ಸಂಪಿನಿಂದ ಶುರುವಾಗಬೇಕು.

ಈ ಸಾಧನವೂ ನೀರಿನ ಕೊರತೆಯ ನಾಡಿನದೇ. ಕ್ಯಾಲಿಫೋರ್ನಿಯಾದ ಗ್ಲೆಂಡೋರಾದಲ್ಲಿ ನಿಂಬೆ ಜಾತಿಯ ಹಣ್ಣು ಬೆಳೆಯುತ್ತಿದ್ದ ಆರ್ಟನ್ ಎಂಗಲ್‌ಹಾರ್ಟ್ ರೂಪಿಸಿದ ತಿರುಗುವ ಜೆಟ್ಟಿಗೆ 1935ರಲ್ಲಿ ಪೇಟೆಂಟ್ ಸಿಕ್ಕಿತು. ಚಿಮ್ಮುವ ನೀರು ಸ್ಪ್ರಿಂಗಿನ ತೋಳನ್ನು ಆಚೆ ತಳ್ಳುತ್ತದೆ, ತೋಳು ಮರಳಿ ಬಂದು ಬಡಿಯುತ್ತದೆ, ಪ್ರತಿ ಬಡಿತಕ್ಕೂ ಜೆಟ್ಟು ಚೂರು ತಿರುಗುತ್ತದೆ. ಆ ಟಿಕ್ ಟಿಕ್ ಸದ್ದು ನಮ್ಮವರಿಗೆ ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಿಂದ ಪರಿಚಿತ. ಫೆಬ್ರವರಿ–ಮಾರ್ಚಿನ ಹೂಮಳೆ ಕೈಕೊಟ್ಟರೆ ರೊಬಸ್ಟಾ ಮೊಗ್ಗು ಅರಳುವುದಿಲ್ಲ; ಆಗ ಕೆರೆಗೆ ಪಂಪು ಇಳಿಸಿ, ಪೈಪು ಜೋಡಿಸಿ ಜೆಟ್ಟು ತಿರುಗಿಸಲೇಬೇಕು.

ಮನೆಯಂಗಳಕ್ಕೆ ಬಂದಾಗ ಅದು ನೆಲದಿಂದ ತಲೆಯೆತ್ತುವ ಪಾಪ್-ಅಪ್ ಆಯಿತು. ಇಲ್ಲಿ ಮೊದಲ ತೊಡಕು ಪ್ರೆಶರಿನದು. ಎರಡಂತಸ್ತಿನ ಮನೆಯ ತಾರಸಿ ಟ್ಯಾಂಕು ನೆಲದಿಂದ ಏಳೆಂಟು ಮೀಟರ್ ಮೇಲಿರುತ್ತದೆ. ಹತ್ತು ಮೀಟರಿಗೆ ಒಂದು ಕೆಜಿ ಪ್ರೆಶರ್ ಎಂಬುದು ಲೆಕ್ಕ. ಪಾಪ್-ಅಪ್‌ಗೆ ಎರಡು ಕೆಜಿಯಾದರೂ ಬೇಕು. ಟ್ಯಾಂಕಿನ ನಲ್ಲಿಗೆ ನೇರ ಜೋಡಿಸಿದರೆ ನೀರು ಬುಡದಲ್ಲೇ ತೊಟ್ಟಿಕ್ಕುತ್ತದೆ. ಸಂಪಿಗೆ ಸಣ್ಣದೊಂದು ಮೋಟಾರು ಇಡಿ, 20 ಲೀಟರಿನ ಬಕೆಟ್ ಎಷ್ಟು ಸೆಕೆಂಡಿಗೆ ತುಂಬುತ್ತದೆ ನೋಡಿ. 40 ಸೆಕೆಂಡಾದರೆ ನಿಮಿಷಕ್ಕೆ 30 ಲೀಟರ್.

20 ಅಡಿಗೆ 10 ಅಡಿಯ ಹುಲ್ಲುಹಾಸಿಗೆ ಅಷ್ಟು ಧಾರಾಳ ಸಾಕು. ನಾಲ್ಕು ಮೂಲೆಗೆ ಕಾಲು ವೃತ್ತದ ನಾಲ್ಕು ಪಾಪ್-ಅಪ್, ಉದ್ದದ ಬದಿಗಳ ನಡುವೆ ಅರ್ಧ ವೃತ್ತದ ಎರಡು. ಒಂದರ ಚಿಮ್ಮು ಪಕ್ಕದ್ದರ ಬುಡದವರೆಗೂ ಹೋಗಬೇಕು. ದುಡ್ಡು ಉಳಿಸಲೆಂದು ದೂರದೂರ ನೆಟ್ಟರೆ ನಡುವೆ ಹುಲ್ಲು ಒಣಗುತ್ತದೆ. ಆರಕ್ಕೂ ಸೇರಿ ನಿಮಿಷಕ್ಕೆ ಸುಮಾರು 12 ಲೀಟರ್. ಬೇಸಿಗೆಯಲ್ಲಿ ದಿನಕ್ಕೆ 5 ಮಿಲಿಮೀಟರ್ ನೀರು ಎಂದಿಟ್ಟುಕೊಂಡರೆ 93 ಲೀಟರ್, ಅಂದರೆ ಎಂಟು ನಿಮಿಷ. ಹುಲ್ಲಿನ ಮೇಲೆ ಅಲ್ಲಲ್ಲಿ ನೇರ ಗೋಡೆಯ ಸ್ಟೀಲ್ ಡಬ್ಬಿ ಇಟ್ಟು, ಆಮೇಲೆ ಸ್ಕೇಲಿನಲ್ಲಿ ಅಳೆದರೆ ಎಲ್ಲಿ ಹೆಚ್ಚು, ಎಲ್ಲಿ ಕಡಿಮೆ ಎಂದು ತಿಳಿಯುತ್ತದೆ. ನೀರು ಬಿಡುವ ಕೆಲಸ ಬೆಳಗಿನ ಜಾವವೇ ಆಗಲಿ. ಬಿಸಿಲಲ್ಲಿ ಒಂದಷ್ಟು ನೀರು ಗಾಳಿಪಾಲು.

ನೀರು ಎಲ್ಲಿಂದ? ಬೆಂಗಳೂರಿನಲ್ಲಿ ವರ್ಷಕ್ಕೆ 900 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. 30–40ರ ಸೈಟಿನ ಮೇಲೆ ಸುರಿಯುವುದೇ ಒಂದು ಲಕ್ಷ ಲೀಟರಿನ ಸುಮಾರಿಗೆ. ನಿಗದಿತ ಅಳತೆಯ ಸೈಟುಗಳಿಗೆ ಮಳೆಕೊಯ್ಲು 2009ರಿಂದ ಕಡ್ಡಾಯವಾಗಿದೆ. ಅದರ ಬಗೆಬಗೆಯ ಮಾದರಿಗಳು ಹತ್ತಿರದ ಜಯನಗರ 5ನೇ ಬ್ಲಾಕಿನ ಸರ್ ಎಂ. ವಿಶ್ವೇಶ್ವರಯ್ಯ ಮಳೆನೀರು ಕೊಯ್ಲು ಉದ್ಯಾನದಲ್ಲಿವೆ. ನೆಲ ಅಗೆಯುವ ಮುನ್ನ ಒಮ್ಮೆ ನೋಡಿ ಬನ್ನಿ. ಬಟ್ಟೆ ಒಗೆದ ನೀರನ್ನು ಮಾತ್ರ ತುಂತುರಾಗಿ ಹಾರಿಸಬೇಡಿ, ಮಕ್ಕಳು ಆಡುವ ಜಾಗ ಅದು. ಸೋಸಿ, ದಾಸವಾಳದ ಬುಡಕ್ಕೆ ಮಣ್ಣಿಗಿಳಿಯುವ ಹಾಗೆ ಬಿಡಿ. ಹುಲ್ಲು ಆರಿಸುವಾಗ ನನ್ನ ಮತ ಗರಿಕೆಗೆ. ಮಳೆಯ ಸಂಪು ಏಪ್ರಿಲ್‌ನಲ್ಲಿ ಬತ್ತಿದರೂ ಅದು ಒಣಗಿದಂತೆ ಬಿದ್ದಿದ್ದು, ಮೇ ತಿಂಗಳ ಮಳೆಗೆ ಮತ್ತೆ ಚಿಗುರುತ್ತದೆ.